ಬಟ್ಟಿ ಅವರೀ, ಬರೇ ಬಟ್ಟಿ

ಹೋದ ವಾರ ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ನನ್ನನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಕ್ಕಾರ, ಬಾಳಿಹಣ್ಣಿಗಿ ಥಂಡಿ ಹತ್ತಲಾಕತ್ತದೇನ್ರೀ?"

ಕೆಳಗೆ ನೋಡಿಕೊಂಡೆ. ನನ್ನ ತೊಡೆಯ ಮೇಲೆ ಎರಡು ಕೆಂಪು ಬಾಳೆಹಣ್ಣು. ಅವುಗಳ ಮೇಲೆ ನನ್ನ ಸೆರಗು, ಹಸುಗೂಸಿಗೆ ಹೊದಿಸಿದಷ್ಟು ಮುತುವರ್ಜಿಯಿಂದ. ಹೊರಗೆ ಬಿಸಿಲು ಹೇಗಿತ್ತೆಂದರೆ... ಬೇಡ ಬಿಡಿ, ನಮ್ಮೂರ ಬಿಸಿಲಿನ ಮಾತು ಎತ್ತಿದರೆ ಉಳಿದದ್ದು ಹೇಳುವುದು ಆಗುವುದಿಲ್ಲ. ಕಿಟಕಿಯಾಚೆ ಕಣ್ಣು ಹಾಯಿಸಿದೆ. ಅದೇ ಜಾಗ. ಹುಮನಾಬಾದ ರಸ್ತೆಯಲ್ಲಿ ಊರು ಇನ್ನೇನು ಬಂತು ಎನ್ನುವಾಗ ಸಿಗುವ ಬೇವಿನ ಮರ, ಅದರ ಬುಡದಲ್ಲಿ ಪಂಕ್ಚರ್ ಅಂಗಡಿ. ನಾನು ಸಣ್ಣವಳಿದ್ದಾಗ ಅಲ್ಲಿ ಜಕಾತಿ ನಾಕಾ ಇತ್ತು.

ಜಕಾತಿ ಎಂದರೆ ಊರೊಳಗೆ ತರುವ ಸಾಮಾನಿಗೆ ಊರ ಬಾಗಿಲಲ್ಲೇ ತೆರಬೇಕಾದ ಸುಂಕ. ನಾಕಾ ಎಂದರೆ ಆ ಬಾಗಿಲು: ರಸ್ತೆಗೆ ಅಡ್ಡವಾಗಿ ಒಂದು ಬಿದಿರು, ಪಕ್ಕದಲ್ಲಿ ಒಂದು ತಗಡಿನ ಖೋಲಿ, ಅದರೊಳಗೊಬ್ಬ ಗುಮಾಸ್ತ. ಜಕಾತಿ ರದ್ದಾಗಿ, ಬಿದಿರು ಮುರಿದು, ಖೋಲಿ ಹಾರಿಹೋಗಿ ಯಾವ ಕಾಲವಾಯಿತೋ. ಸುದ್ದಿ ಎಲ್ಲರಿಗೂ ಮುಟ್ಟಿದೆ, ನನ್ನ ಕೈಗೊಂದು ಮುಟ್ಟಿಲ್ಲ. ಬೇವಿನ ಮರ ಕಂಡೊಡನೆ ಅದು ತಾನಾಗಿ ಸೆರಗು ಎಳೆದು ಬಾಳೆಹಣ್ಣು ಮುಚ್ಚುತ್ತದೆ.

ಇದರಲ್ಲಿ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ನಿಮಗೆ ಹೇಳಿದರೆ ನಗುತ್ತೀರಿ, ನಗಿರಿ. ನಾನು ಆಯುಷ್ಯವೆಲ್ಲ ತೆರಿಗೆ ಕಚೇರಿಯಲ್ಲಿ ಗುಮಾಸ್ತೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ವ್ಯಾಪಾರಿಗಳು ಮುಚ್ಚಿಟ್ಟದ್ದನ್ನು ಹುಡುಕಿ ತೆಗೆಯುವುದಕ್ಕೆ ಸಂಬಳ ತಿಂದವಳು. ಅಂಥವಳು ಇಲ್ಲದ ನಾಕಾದಲ್ಲಿ, ತೆರಿಗೆಯೇ ಇಲ್ಲದ ಹಣ್ಣನ್ನು ಮುಚ್ಚಿಡುತ್ತೇನೆ.

"ಥಂಡಿ ಅಲ್ಲ ತಂಗೀ, ದೃಷ್ಟಿ ಆಗಬಾರದಂತ" ಎಂದೆ. ಆಕೆ ನಂಬಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇದು ನಮ್ಮವ್ವನಿಗೆ ನನ್ನ ಮೇಲಿರುವ ಹಳೆಯ ದೂರು.

ನಮ್ಮವ್ವನ ತವರು ಕಲಬುರಗಿಯ ಶಹಾಬಜಾರ, ಗಂಡನ ಮನೆ ಕಮಲಾಪುರ. ನಮ್ಮದು ನಾಲ್ಕು ಸಾಲು ಕೆಂಪು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ಅದರ ವಾಸನೆ ಹೇಳಬೇಕಾಗಿಲ್ಲ. ತಿನ್ನದವರಿಗೆ ಹೇಳಿ ಉಪಯೋಗವಿಲ್ಲ. ಒಂದು ಹಣ್ಣು ಮಾಗಿದರೆ ಮನೆಯೆಲ್ಲ ಗೊತ್ತಾಗುತ್ತದೆ. ಅಂಥ ಹಣ್ಣನ್ನು ಅವ್ವ ಹದಿನೈದು ದಿನಕ್ಕೊಮ್ಮೆ ಜಕಾತಿ ಕೊಡದೆ ನಾಕಾ ದಾಟಿಸಿ ತವರಿಗೆ ಒಯ್ಯುತ್ತಿದ್ದಳು. ಗೋಣಿಚೀಲದ ತಳಕ್ಕೆ ಹಣ್ಣು, ಅದರ ಮೇಲೆ ಹಳೆಯ ಸೀರೆಗಳು, ಸೀರೆಗಳ ಮೇಲೆ ನಾನು. "ಅಲಗಾಡಬ್ಯಾಡ, ಹಗೂರ ಕೂಡು" ಎಂದು ತಾಕೀತು. ಅಲಗಾಡದೆ, ಹಗುರಾಗಿ ಕೂಡುವುದು ಹೇಗೆಂದು ಯಾರಾದರೂ ಹೇಳಿಕೊಡಿ. ಹಣ್ಣು ಹಿಸುಕಿದರೆ ಮನೆಗೆ ಹೋದ ಮೇಲೆ ನನ್ನ ಕಿವಿ ಹಿಸುಕುತ್ತಿದ್ದಳು.

ನಾಕಾದಲ್ಲಿ ಬಸ್ಸು ನಿಲ್ಲುತ್ತಿತ್ತು. ಖಾಸಿಂ ಸಾಬರು ಹತ್ತುತ್ತಿದ್ದರು. ಅವರೇ ನಾಕಾದ ಗುಮಾಸ್ತರು. ಕಡ್ಡಿಯಂಥ ಆಳು, ಕಿವಿಯ ಮೇಲೆ ಪೆನ್ಸಿಲ್ಲು. ಎಲ್ಲರನ್ನೂ ದಾಟಿ ನೆಟ್ಟಗೆ ಅವ್ವನ ಮುಂದೆ ಬಂದು ನಿಲ್ಲುವರು.

"ಏನಮ್ಮಾ, ಗಂಟಿನ್ಯಾಗ ಏನದ?"

"ಬಟ್ಟಿ ಅವರೀ, ಬರೇ ಬಟ್ಟಿ."

ಸಾಬರು ಮೂಗು ಏರಿಸಿ ಬಸ್ಸಿನ ಗಾಳಿಯನ್ನೆಲ್ಲ ಒಳಗೆ ಎಳೆದುಕೊಳ್ಳುವರು. "ಭಾರೀ ಘಮ್ ಅಂತಾವಲ್ಲಮ್ಮಾ ನಿನ್ನ ಬಟ್ಟಿ! ಯಾವ ಸಾಬಾಣ ಹಚ್ಚತಿ?"

"ನಾವು ಬಡವರು, ನಮಗೆಲ್ಲೀ ಸಾಬಾಣರೀ? ಬರೇ ಸೋಡಾದಾಗ ಒಗೀತೀನ್ರಿ."

"ಅಚ್ಛಾ! ಸೋಡಾದಾಗ!" ಎಂದು ತಲೆಯಾಡಿಸಿ ಇಳಿಯಲು ಹೊರಡುವರು. ಆಗ ಅವ್ವ ಸೆರಗಿನ ಗಂಟಿನಿಂದ ಎರಡು ಬಾಳೆಹಣ್ಣು ತೆಗೆದು ಅವರ ಕೈಗೆ ಹಾಕುವಳು. "ಇವು ಬ್ಯಾರೇರಿ, ಇವು ನಿಮ್ಮ ಮಕ್ಕಳಿಗಿ" ಎನ್ನುವಳು. ಬರೀ ಬಟ್ಟೆ ಇರುವ ಹೆಂಗಸಿನ ಬಳಿ ಬಾಳೆಹಣ್ಣು ಎಲ್ಲಿಂದ ಬಂತೆಂದು ಅವರು ಒಮ್ಮೆಯೂ ಕೇಳಲಿಲ್ಲ. ಅದು ಲಂಚವೆಂದೇ ನಾನು ತಿಳಿದಿದ್ದೆ.

ಒಂದು ಸಲ ಸಾಬರು ಅವ್ವನನ್ನು ಬಿಟ್ಟು ನನ್ನತ್ತ ತಿರುಗಿದರು. ನನಗೆ ಏಳೋ ಎಂಟೋ ವರ್ಷ. ಕೆಳಗೆ ಹಣ್ಣು, ಎದುರಿಗೆ ಸರ್ಕಾರ.

"ಬೇಟೀ, ನಿನ್ನ ಹೆಸರೇನು?" ಎಂದರು, ಪಾಪ, ಪ್ರೀತಿಯಿಂದಲೇ.

ನಾನು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಕಿರುಚಿದೆ: "ಬಟ್ಟಿ ಅವರೀ, ಬರೇ ಬಟ್ಟಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಕಳ್ಳ ಎಂಬ ಮಾತು ಕೇಳಿದ ಮೇಲೆ ಮುಟ್ಟಿಕೊಂಡ. ನನಗೆ ಅಷ್ಟೂ ಬೇಕಾಗಲಿಲ್ಲ. ಬಸ್ಸು ಬಿದ್ದು ಬಿದ್ದು ನಕ್ಕಿತು. ಡ್ರೈವರನಂತೂ ಸ್ಟೇರಿಂಗಿಗೆ ತಲೆ ಹಚ್ಚಿಬಿಟ್ಟ. ಖಾಸಿಂ ಸಾಬರು ಪೆನ್ಸಿಲ್ಲು ಕೆಳಗೆ ಬೀಳುವಷ್ಟು ನಕ್ಕು, ಅಂದಿನಿಂದ ನನಗೆ 'ಬಟ್ಟಿ ಬೇಟಿ' ಎಂದೇ ಹೆಸರಿಟ್ಟರು. ಅವ್ವ ಶಹಾಬಜಾರದ ಸಂದಿ ಮುಟ್ಟುವತನಕ ಕಾದಳು. ಅಲ್ಲಿ ನನ್ನ ತೊಡೆಗೆ ಚಿವುಟಿ, "ಒಂದು ಮುಚ್ಚಿಡಾಕ ಬರಂಗಿಲ್ಲ ನಿನಗ, ನಾಳೆ ಹ್ಯಾಂಗ ಸಂಸಾರ ಮಾಡ್ತಿ?" ಎಂದಳು. ಸಂಸಾರವೇನೋ ಆಯಿತು. ಮುಚ್ಚಿಡುವುದು ಮಾತ್ರ ಇನ್ನೂ ಬಂದಿಲ್ಲ.

ನಾಕಾ ಹೋದ ಮೇಲೆ ಅವ್ವನ ಕೀರ್ತಿ ಮತ್ತೂ ಬೆಳೆಯಿತು. ಎದುರಾಳಿ ಇಲ್ಲದ ಪೈಲ್ವಾನರ ಕೀರ್ತಿ ಹಾಗೆಯೇ. ಮದುವೆಯಿರಲಿ, ಕುಬಸವಿರಲಿ, ನಾಲ್ಕು ಹೆಂಗಸರು ಕೂಡಿದರೆ ಸಾಕು: "ನಾ ಹುಟ್ಟಿದಾಗಿಂದ ಸರ್ಕಾರಕ್ಕ ಒಂದು ಪೈಸಾ ಜಕಾತಿ ಕೊಟ್ಟಾಕಿ ಅಲ್ಲ!" ಶಾಲೆ ಕಾಣದ, ಪಂಚರ ಮುಂದೆ ಬಾಯಿ ತೆರೆಯದ ಹೆಣ್ಣುಮಗಳಿಗೆ ಅದೊಂದೇ ಪದಕ. ಅದನ್ನು ಅವಳು ದಿನಾ ತಿಕ್ಕಿ ಹೊಳಪು ಮಾಡುತ್ತಿದ್ದಳು. ನನಗೆ ತೆರಿಗೆ ಕಚೇರಿಯಲ್ಲಿ ನೌಕರಿ ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚಿ, ಒಳಗೆ ಬಂದು, "ಕಳ್ಳರ ಮನಿ ಮಗಳು ಪೋಲೀಸರ ಮನಿಗಿ ಸೊಸಿ ಆಗಿ ಹೋದಂಗ ಆತಲ್ಲ" ಎಂದು ಹಣೆ ಚಚ್ಚಿಕೊಂಡಳು.

ಆ ನೌಕರಿಗೆ ಸೇರಿದ ಮೊದಲ ವರ್ಷವೇ ಸ್ಟೇಶನ್ ಬಜಾರದ ಒಂದು ಚಹಾದಂಗಡಿಯ ಮುಂದೆ ಯಾರೋ "ಅರೇ, ಬಟ್ಟಿ ಬೇಟಿ!" ಎಂದು ಕೂಗಿದರು. ಖಾಸಿಂ ಸಾಬರು. ಗಡ್ಡ ಬೆಳ್ಳಗಾಗಿತ್ತು, ಕಿವಿಯ ಮೇಲೆ ಪೆನ್ಸಿಲ್ಲು ಇರಲಿಲ್ಲ. ನಾನೂ ಅದೇ ಕಸುಬಿಗೆ ಬಿದ್ದಿದ್ದೇನೆ ಎಂದು ಕೇಳಿ ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು.

"ಒಂದ ಮಾತ ಹೇಳತೀನಿ, ಅಮ್ಮಗ ಹೇಳಬ್ಯಾಡ. ಮನಿಗಿ ತಿನ್ಲಾಕ ಒಯ್ಯೋ ಹಣ್ಣಿಗಿ ಜಕಾತಿ ಇದ್ದದ್ದೇ ಇಲ್ಲ."

"ಮತ್ತ ನೀವು ಕೇಳತಿದ್ದಿರಲ್ರಿ!"

"ಕ್ಯಾ ಮಾಡೋದು ಬೇಟೀ? ನಮ್ಮಲ್ಲಿ ಜಕಾತ್ ಅಂದ್ರ ದಾನ. ಕೊಟ್ಟಾವಗ ಪುಣ್ಯ. ಅದೇ ಹೆಸರು ಹಿಡದು ನಾ ದಿನಪೂರಾ ನಾಕಾದಾಗ ಕುಂತ ಲಾರಿಯವರ ಕೈಲೆ ಅವ್ವ-ಅಕ್ಕ ಅನಿಸಿಕೊಳ್ಳತಿದ್ದೆ. ನಿಮ್ಮಮ್ಮ ಒಬ್ಬಾಕಿ ನಕ್ಕೋತ ಸುಳ್ಳ ಹೇಳತಿದ್ಲು."

ಈ ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ. ಜೀವಮಾನದಲ್ಲಿ ನಾನು ನೆಟ್ಟಗೆ ಮುಚ್ಚಿಟ್ಟದ್ದು ಇದೊಂದೇ. ಹೇಳಿದರೆ ಅವ್ವನ ಪದಕ ಹಿತ್ತಾಳೆಯಾಗುತ್ತಿತ್ತು.

ಇನ್ನು ಈಚಿನ ಕಥೆ. ಅವ್ವನಿಗೆ ಈಗ ತೊಂಬತ್ತರ ಹತ್ತಿರ. ಕಮಲಾಪುರದಲ್ಲಿ ನನ್ನ ತಮ್ಮನ ಸಂಸಾರದ ನಡುವೆ ಮಹಾರಾಣಿಯ ಹಾಗೆ ಇದ್ದಾಳೆ. ತಮ್ಮನ ಮಗಳು ಸುಧಾ ಕಾಮರ್ಸ್ ಓದುತ್ತಾಳೆ. ಓದಿದ್ದನ್ನು ಮನೆಯವರ ಮೇಲೆ ಪ್ರಯೋಗಿಸುತ್ತಾಳೆ. ಒಂದು ದಿನ ಅಜ್ಜಿಯ ಬಿ.ಪಿ. ಗುಳಿಗೆ ತಂದವಳು ಬಿಲ್ಲನ್ನು ಗಟ್ಟಿಯಾಗಿ ಓದಿದಳು.

"ಅದೇನು ಕಡೀಕ ಎರಡು ಸಲ ಓದಿದಿ?" ಅವ್ವ ಕೇಳಿದಳಂತೆ.

ಸುಧಾ ಜಿಎಸ್‌ಟಿ ಎಂದು ಸುಮ್ಮನಿದ್ದಿದ್ದರೆ ಅವ್ವ ಅದನ್ನೂ ಒಂದು ಗುಳಿಗೆಯ ಹೆಸರೆಂದು ತಿಳಿದು ಮಲಗುತ್ತಿದ್ದಳು. ಆದರೆ ಹುಡುಗಿಗೆ ಬಿಡಿಸಿ ಹೇಳುವ ಚಟ. "ಜಕಾತಿ ಇದ್ದಂಗ ಆಯೀ" ಎಂದುಬಿಟ್ಟಳು. "ಒಂದ ಪಾಲು ದಿಲ್ಲಿಗಿ, ಒಂದ ಪಾಲು ಬೆಂಗಳೂರಿಗಿ."

"ಎರಡು ನಾಕಾ!" ಎಂದಳು ಅವ್ವ. "ಯಾವಾಗ ಕೊಟ್ಟೆ ನಾ? ಯಾವನ ಬಂದು ಕೇಳಿದ ನನಗ?"

"ಯಾರೂ ಕೇಳಂಗಿಲ್ಲ ಆಯೀ. ಕಿಮ್ಮತ್ತಿನ್ಯಾಗೇ ಕೂಡಿರ್ತದ. ಸಾಬಾಣ ತಗೊಂಡ್ರ ಕೊಟ್ಟಿ, ಬಿಸ್ಕೀಟ ತಗೊಂಡ್ರ ಕೊಟ್ಟಿ. ಮೊದಲಿನಿಂದಲೂ ಬ್ಯಾರೆ ಬ್ಯಾರೆ ಹೆಸರಲೆ ಕೊಟಗೋತನ ಬಂದೀ."

ಮರುದಿನದಿಂದ ಅವ್ವನ ಬಹಿಷ್ಕಾರ ಶುರು. ಸಾಬೂನು ಬಿಟ್ಟು ಕಡಲೆಹಿಟ್ಟು ಹಚ್ಚಿಕೊಂಡಳು. ಬಿಸ್ಕೀಟು ಬಿಟ್ಟು ರೊಟ್ಟಿಯನ್ನೇ ಚಹಾದಲ್ಲಿ ಅದ್ದಿದಳು. ಕೆಲವು ಸಾಮಾನು ಬಿಡಿಯಾಗಿ ಕೊಂಡರೆ ತೆರಿಗೆ ಇಲ್ಲ, ಚೀಟಿ ಹಚ್ಚಿದ ಪಾಕೀಟಿನಲ್ಲಿ ಕೊಂಡರೆ ಇದೆ ಎಂದು ಸುಧಾ ಇನ್ನೊಂದು ಪಾಠ ಹೇಳಿಕೊಟ್ಟದ್ದೇ ತಡ, ಅವ್ವ ಅಡುಗೆಮನೆಗೆ ನುಗ್ಗಿ ಸಿಕ್ಕ ಪಾಕೀಟುಗಳ ಚೀಟಿಯನ್ನೆಲ್ಲ ಕಿತ್ತು ಒಲೆಗೆ ಹಾಕಿದಳು. ಚೀಟಿ ಹೋದರೆ ತೆರಿಗೆಯೂ ಹೋಯಿತೆಂದು ಅವಳ ಲೆಕ್ಕ. ನಮ್ಮ ತಮ್ಮ ಎರಡು ದಿನ ಉಪ್ಪಿನ ಚಹಾ ಕುಡಿದ.

ನಾನು ಫೋನಿನಲ್ಲಿ ಇದನ್ನೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಸುಧಾ ದನಿ ಇಳಿಸಿ, "ಅತ್ತೀ, ಆಯಿ ಗುಳಿಗೀನೂ ಬಿಟ್ಟಾಳ. ಇವತ್ತಿಗಿ ನಾಕು ದಿನ" ಎಂದಳು. ನನ್ನ ನಗು ಅಲ್ಲೇ ನಿಂತಿತು. ಹೋದ ವರ್ಷ ಅವ್ವ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದಳು. ಒಂದು ದಿನವೂ ಗುಳಿಗೆ ತಪ್ಪಿಸಬೇಡಿ ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು.

ಸಿಕ್ಕ ಬಸ್ಸು ಹತ್ತಿ ಓಡಿದೆ. ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಸ್ವಲ್ಪ ಊದಿತ್ತು. ನನ್ನನ್ನು ನೋಡಿ, "ಬಂದಳು ನೋಡ್ರಿ ಸರ್ಕಾರದಾಕಿ" ಎಂದಳು.

ನಾನು ನೌಕರಿಯ ಧಾಟಿಯಲ್ಲೇ ತಿಳಿಸಿ ಹೇಳಲು ಕೂತೆ. "ಅವ್ವಾ, ತೆರಿಗಿ ಇಲ್ಲಂದ್ರ ರಸ್ತಾ ಯಾರ ರೊಕ್ಕದಾಗ ಆಗಬೇಕು?"

"ರಸ್ತಾದಾಗಿನ ತೆಗ್ಗು ಯಾರ ರೊಕ್ಕದಾಗ ಆಗ್ಯಾವ?"

"ನಿನಗ ತಿಂಗಳಾ ಪಗಾರ ಬರ್ತದಲ್ಲ, ಮುದುಕರದು, ಅದೆಲ್ಲಿಂದ ಬರ್ತದ? ಹೆಣ್ಣುಮಕ್ಕಳಿಗಿ ಬಸ್ಸು ಫುಕಟ್ ಆಗ್ಯಾದಲ್ಲ, ನಾ ಈಗ ಒಂದು ಪೈಸಾ ಕೊಡದ ಬಂದೀನಿ."

ಅವ್ವ ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. "ಅಂದ್ರ ನಾ ಸಾಬಾಣ ಹಚ್ಚಿಕೊಂಡದ್ದರಾಗ ನೀ ಬಸ್ಸಿನ್ಯಾಗ ಮೆರೀಲಾಕತ್ತೀ."

ಇಡೀ ಆಯುಷ್ಯ ನಾನು ದುಡಿದ ಇಲಾಖೆಯ ತತ್ತ್ವವನ್ನು ಇಷ್ಟು ಸರಳವಾಗಿ ಯಾವ ಸಾಹೇಬರೂ ಹೇಳಿರಲಿಲ್ಲ. ಖರೆ ಹೇಳಬೇಕೆಂದರೆ, ನಾಕಾ ಹೋಗಿ ತೆರಿಗೆ ಕಿಮ್ಮತ್ತಿನೊಳಗೆ ಸೇರಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ನಾಕಾದ ಮುಂದೆ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ನಿಂತು ಕೊಳೆತ ಟೊಮ್ಯಾಟೊ ರಸ್ತೆಗೆ ಸುರಿಯುವುದನ್ನು ಕಂಡವಳು ನಾನು. ಅದು ತಪ್ಪಿತಲ್ಲ, ಒಳ್ಳೆಯದೇ. ಅವ್ವನ ಕೈಗೆ ತಿಂಗಳಿಗೊಮ್ಮೆ ಅವಳದೇ ರೊಕ್ಕ ಬರುತ್ತದಲ್ಲ, ಅದಂತೂ ಬಹಳ ಒಳ್ಳೆಯದು. ಆದರೆ ತುಂಬಿದ ಮನೆಯವನೂ ಬಿಸ್ಕೀಟಿಗೆ ಅಷ್ಟೇ ಕೊಡುತ್ತಾನೆ, ಗತಿಯಿಲ್ಲದವನೂ ಅಷ್ಟೇ ಕೊಡುತ್ತಾನೆ. ಇದು ನನಗೆ ಕಚೇರಿಯಲ್ಲಿದ್ದಾಗಲೂ ಚುಚ್ಚುತ್ತಿತ್ತು, ಆದರೆ ಪ್ರಮೋಶನ್ನಿನ ಆಸೆಯಲ್ಲಿ ಬಾಯಿ ಮುಚ್ಚಿದ್ದೆ.

"ಕೊಡೋದು ದೊಡ್ಡ ಮಾತಲ್ಲ ಮಾದೇವೀ," ಅವ್ವ ಎಂದಳು, ಈ ಸಲ ತಣ್ಣಗೆ. "ಕೇಳಬೇಕು. ಖಾಸಿಂ ಸಾಬ ಬಿಸಿಲಾಗ ಬಸ್ಸು ಹತ್ತಿ ಬಂದು, ಅಮ್ಮಾ ಅಂತ ಕೇಳತಿದ್ದ. ನಾ ಇಲ್ಲ ಅಂತಿದ್ದೆ. ಇವರು ಕೇಳಂಗೇ ಇಲ್ಲಲ್ಲ! ಕೇಳದನ ತಗೋತಾರಂದ್ರ ನಾ ಇದ್ದೀನೋ ಇಲ್ಲೋ?"

ಹೇಳಿ ಒಳಗೆ ಹೋಗಲೆಂದು ಎದ್ದಳು. ಎದ್ದವಳು ಹಾಗೇ ಜೋಲಿ ಹೊಡೆದು ಕಂಬ ಹಿಡಿದುಕೊಂಡಳು. ನಾನು ಓಡಿ ಅಪ್ಪಿಕೊಂಡೆ. ಅವಳ ಭಾರ ಇಷ್ಟೇ ಇಷ್ಟು. ನನಗೆ ಭಯವಾಯಿತು, ಸಿಟ್ಟೂ ಬಂತು. ಖಾಸಿಂ ಸಾಬರ ಗುಟ್ಟನ್ನು ಆಗಲೇ ಬಾಯಿಬಿಟ್ಟು, 'ನೀ ಗೆದ್ದದ್ದೇ ಇಲ್ಲವ್ವಾ, ಸುಮ್ಮನ ಗುಳಿಗಿ ನುಂಗು' ಎನ್ನಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕಂಬ ಹಿಡಿದ ಆ ಕೈ ನೋಡಿ ನುಂಗಿಕೊಂಡೆ. ಮನೆಯಲ್ಲಿದ್ದ ಗುಳಿಗೆ ಎಷ್ಟು ಹೇಳಿದರೂ ಮುಟ್ಟಲಿಲ್ಲ. ಅವು ಜಕಾತಿ ಕೊಟ್ಟು ಮೈಲಿಗೆಯಾದವು.

ಅಂದೇ ಕಲಬುರಗಿಗೆ ವಾಪಸು ಬಂದೆ. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿ ಅದೇ ಗುಳಿಗೆ ಕೊಂಡೆ. ಅಂಗಡಿಯವನು ಬಿಲ್ಲು ಬೇಕೇನ್ರೀ ಎಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ, ಹಳೆಯ ಚಾಳಿ. ಮನೆಗೆ ಬಂದು ಒಂದು ಗೋಣಿಚೀಲ ಹುಡುಕಿದೆ. ತಳಕ್ಕೆ ಗುಳಿಗೆ, ಅದರ ಮೇಲೆ ಮೂರು ಹಳೆಯ ಸೀರೆ. ಮೇಲೆ ಕೂಡಲು ಮಾತ್ರ ಯಾರೂ ಇರಲಿಲ್ಲ.

ಕಮಲಾಪುರದಲ್ಲಿ ಅವ್ವ ಕಟ್ಟೆಯ ಮೇಲೆಯೇ ಇದ್ದಳು. ಚೀಲ ಕಂಡೊಡನೆ ಅವಳ ಕಣ್ಣು ಸಣ್ಣಗಾದವು.

"ಏನದ ಗಂಟಿನ್ಯಾಗ?"

"ಬಟ್ಟಿ ಅವ್ವಾ, ಬರೇ ಬಟ್ಟಿ."

ನೀವು ನಂಬಬೇಕು, ಅವಳ ಮುಖದಿಂದ ಹೋಗಿದ್ದ ರಕ್ತ ತಿರುಗಿ ಬಂತು. ಸುತ್ತ ನೋಡಿ, ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ನಾನು ಸೀರೆ ಸರಿಸಿ ಗುಳಿಗೆ ತೆಗೆದೆ. "ಒಂದ ಪೈಸಾ ಜಕಾತಿ ಕೊಟ್ಟಿಲ್ಲ. ದಿಲ್ಲೀದೂ ಇಲ್ಲ, ಬೆಂಗಳೂರಿಂದೂ ಇಲ್ಲ" ಎಂದು ಪಿಸುಗುಟ್ಟಿದೆ.

"ನಾಕಾದಾಗ ಕೇಳಲಿಲ್ಲೇನು?"

"ಕೇಳಿದ್ರು. ಭಾರೀ ಘಮ್ ಅಂತಾವಲ್ಲ ಅಂದ್ರು. ಸೋಡಾದಾಗ ಒಗೀತೀನಿ ಅಂದೆ."

ಅವ್ವ ಕಿಸಕ್ಕನೆ ನಕ್ಕಳು. ನೀರು ತರಿಸಿ, ಗುಳಿಗೆಯನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗಿದಳು. ನನಗೆ ಅಳು ಬಂತು, ತಿರುಗಿ ನಿಂತು ಒರೆಸಿಕೊಂಡೆ. ಆ ಸಂಜೆಯೂ ನುಂಗಿದಳು, ಮರುದಿನವೂ ನುಂಗಿದಳು. ತಮ್ಮ ನನಗೆ ಕೈ ಮುಗಿದ. ಸುಧಾ ಏನೋ ಬಿಡಿಸಿ ಹೇಳಲು ಬಾಯಿ ತೆರೆದಳು, ಅವಳ ಕಾಲು ತುಳಿದೆ.

ಮೂರನೆಯ ದಿನ ನಾನು ಹೊರಟು ನಿಂತಾಗ ಅವ್ವ ಹೊಸ್ತಿಲತನಕ ತಾನೇ ನಡೆದು ಬಂದಳು, ಕಂಬ ಹಿಡಿಯದೆ. ಸೆರಗಿನ ಗಂಟು ಬಿಚ್ಚಿ ಎರಡು ಕೆಂಪು ಬಾಳೆಹಣ್ಣು ತೆಗೆದು ನನ್ನ ಕೈಗೆ ಹಾಕಿದಳು.

"ಇವು ಬ್ಯಾರೆ," ಎಂದಳು. "ಇವು ನಿನ್ನ ಮಕ್ಕಳಿಗಿ."

ನನ್ನ ಮಕ್ಕಳಿಗೇ ಮಕ್ಕಳಾಗಿವೆ. ಈ ಮಾತನ್ನು ಅವ್ವ ಒಬ್ಬರಿಗೇ ಹೇಳುತ್ತಿದ್ದಳು, ಅದೂ ಒಂದೇ ಜಾಗದಲ್ಲಿ. ಅವಳು ಸೆರಗಿನ ಅದೇ ಗಂಟಿಗೆ ಮತ್ತೆ ಕೈ ಹಾಕಿ, ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ಹಣ್ಣಿನ ಮೇಲಿಟ್ಟಳು. ಔಷಧಿ ಅಂಗಡಿಯ ಬಿಲ್ಲು. ಚೀಲದ ತಳದಲ್ಲೇ ಮರೆತಿದ್ದೆ.

"ಬರೇ ಬಟ್ಟಿ ಅಲ್ಲಂತ ಖಾಸಿಂ ಸಾಬಗೂ ಗೊತ್ತಿತ್ತು, ಅವಗ ಗೊತ್ತದಂತ ನನಗೂ ಗೊತ್ತಿತ್ತು," ಎಂದಳು ಅವ್ವ. "ಈಗ ಬಟ್ಟಿ ಮ್ಯಾಲೂ ಜಕಾತಿ ಅದಂತ, ಸುಧಾ ಹೇಳ್ಯಾಳ. ಗುಳಿಗಿ ತೀರೂದರಾಗ ಬ್ಯಾರೆ ಸುಳ್ಳ ಕಲತುಕೊಂಡ ಬಾ."